ಎ9 ಹೆದ್ದಾರಿಯಲ್ಲಿ ಹಗಲು ಬಸ್: ಉತ್ತರ ಶ್ರೀಲಂಕಾ ಪ್ರಯಾಣಕ್ಕೆ ಸಮಗ್ರ ಮಾರ್ಗದರ್ಶಿ

ಕೊಲಂಬೊದಿಂದ ಜಾಫ್ನಾಕ್ಕೆ ಹೋಗುವ ಪ್ರವಾಸಿಗರಲ್ಲಿ ಅನೇಕರು ರಾತ್ರಿ ಬಸ್ ಹಿಡಿಯುತ್ತಾರೆ. ಸಂಜೆ ವೆಳ್ಳವತ್ತೆಯಲ್ಲಿ ಹವಾನಿಯಂತ್ರಿತ ಬಸ್ ಹತ್ತಿ ಹೊದ್ದು ಮಲಗಿದರೆ ನಸುಕಿನಲ್ಲಿ ಜಾಫ್ನಾ. ಸುಮಾರು 400 ಕಿಲೋಮೀಟರ್ ದಾರಿ ನಿದ್ದೆಯಲ್ಲೇ ಮುಗಿಯುತ್ತದೆ. ಅನುಕೂಲವೇನೋ ನಿಜ. ಆದರೆ ವವುನಿಯಾ ದಾಟಿದ ಮೇಲಿನ ಎ9 ಹೆದ್ದಾರಿಯ ಸುಮಾರು 140 ಕಿಲೋಮೀಟರ್, ಅಂದರೆ 1983ರಿಂದ 2009ರವರೆಗೆ ಸರ್ಕಾರಿ ಸೇನೆಗೂ ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡಿದ ಎಲ್‌ಟಿಟಿಇಗೂ ನಡೆದ ಯುದ್ಧದಲ್ಲಿ ಮತ್ತೆ ಮತ್ತೆ ಕೈ ಬದಲಾಯಿಸಿದ ನೆಲ, ಕತ್ತಲಲ್ಲಿ ಹಿಂದೆ ಸರಿದುಬಿಡುತ್ತದೆ. ಕೋಟೆ ನೋಡಿ, ನಲ್ಲೂರಿನ ದೇವರಿಗೆ ಕೈಮುಗಿದು, ಏಡಿ ಸಾರು ಉಂಡು ಮರಳಿದವರು ಉತ್ತರವನ್ನು ನೋಡಿದೆವು ಎಂದುಕೊಳ್ಳುತ್ತಾರೆ. ನಡುವಿನ ವನ್ನಿ ನಾಡನ್ನು ಅವರು ಕಂಡೇ ಇರುವುದಿಲ್ಲ.

ಆದ್ದರಿಂದ ನನ್ನ ಸಲಹೆ ಸರಳ. ಹಗಲಿನಲ್ಲಿ ಹೋಗಿ, ದಾರಿಯನ್ನು ತುಂಡು ಮಾಡಿಕೊಂಡು ಹೋಗಿ, ಊರಿನವರು ಆಸ್ಪತ್ರೆಗೂ ಸಂತೆಗೂ ಹೋಗುವ ಬಸ್ಸಿನಲ್ಲೇ ಹೋಗಿ. ಬಾಡಿಗೆ ಕಾರಿನಲ್ಲಿ ಹೋದರೆ ಸ್ಮಾರಕಗಳು ಕಾಣುತ್ತವೆ. ಬಸ್ಸಿನಲ್ಲಿ ಹೋದರೆ ಅವುಗಳ ನಡುವೆ ಬದುಕುತ್ತಿರುವ ಜನ ಕಾಣುತ್ತಾರೆ. ಈ ಪ್ರದೇಶದಲ್ಲಿ ಇಂದು ಸಾಮಾನ್ಯ ಪ್ರವಾಸಿಗನಿಗೆ ಗುಂಡಿನ ಭಯವಿಲ್ಲ. ಕಲಿಯಬೇಕಾದದ್ದು ಬೇರೆ: ಎಲ್ಲಿ ಇಳಿಯಬೇಕು, ಎಲ್ಲಿ ಕಾಲಿಡಬಾರದು, ಏನು ಕೇಳಬಾರದು, ದುಡ್ಡನ್ನು ಯಾರ ಕೈಗೆ ಕೊಡಬೇಕು.

ಹೆಜ್ಜೆ 1: ಹೊರಡುವ ಮೊದಲು

ಭಾರತೀಯ ಪಾಸ್‌ಪೋರ್ಟ್ ಇರುವವರು ಇಟಿಎ ಎಂಬ ಆನ್‌ಲೈನ್ ಪ್ರವೇಶ ಅನುಮತಿ ಪಡೆಯಬೇಕು. ಶುಲ್ಕದ ನಿಯಮಗಳು ಕಳೆದ ಕೆಲವು ವರ್ಷಗಳಲ್ಲಿ ಹಲವು ಬಾರಿ ಬದಲಾಗಿರುವುದರಿಂದ ಶ್ರೀಲಂಕಾ ಸರ್ಕಾರದ ಜಾಲತಾಣವನ್ನು ಮಾತ್ರ ನಂಬಿ. ಅದನ್ನೇ ಹೋಲುವ ಮಧ್ಯವರ್ತಿ ತಾಣಗಳು ಬೇಕಾದಷ್ಟಿವೆ. ಹಿಂದೆ ಉತ್ತರಕ್ಕೆ ಹೋಗುವ ವಿದೇಶಿಯರು ರಕ್ಷಣಾ ಸಚಿವಾಲಯದ ಪ್ರತ್ಯೇಕ ಪರವಾನಗಿ ಪಡೆಯಬೇಕಿತ್ತು. 2014ರ ಅಕ್ಟೋಬರ್‌ನಲ್ಲಿ ಮತ್ತೆ ಜಾರಿಯಾದ ಆ ನಿರ್ಬಂಧ 2015ರ ಜನವರಿಯಲ್ಲಿ ರದ್ದಾಯಿತು. ಹಳೆಯ ಪ್ರವಾಸ ಕಥನ ಓದಿ ಗಾಬರಿಯಾಗಬೇಡಿ.

ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನಗಳಿವೆ. ಚೆನ್ನೈಯಿಂದ ನೇರವಾಗಿ ಜಾಫ್ನಾದ ಪಲಾಲಿ ನಿಲ್ದಾಣಕ್ಕೆ ಹಾರುವ ದಾರಿ 2019ರಲ್ಲಿ ತೆರೆದು, ನಡುವೆ ನಿಂತು, 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾಯಿತು. ನಾಗಪಟ್ಟಣದಿಂದ ಕಾಂಕೇಸಂತುರೈಗೆ ಹಡಗೂ ಉಂಟು, ಆದರೆ ಸಮುದ್ರ ಕೆಟ್ಟರೆ ಅದು ಹೊರಡುವುದಿಲ್ಲ. ನನ್ನ ಆಯ್ಕೆ ಕೊಲಂಬೊ ಕಡೆಯಿಂದ ಹೋಗುವುದು. ದಕ್ಷಿಣದ ಸಿಂಹಳ ಊರುಗಳನ್ನು ದಾಟಿ ಬಂದರೆ ವವುನಿಯಾದಲ್ಲಿ ಫಲಕಗಳ, ದೇವಸ್ಥಾನಗಳ, ಮಾತಿನ ಬಣ್ಣ ಬದಲಾಗುವುದು ಕಣ್ಣಿಗೆ ಬೀಳುತ್ತದೆ.

ಕಾಲದ ಆಯ್ಕೆಯಲ್ಲಿ ಸ್ವಲ್ಪ ಯೋಚನೆ ಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತದ ಮಳೆ. ಏಪ್ರಿಲ್‌ನಿಂದ ಮುಂದೆ ಒಣ ಬಿಸಿಲು. ಜನವರಿಯ ಕೊನೆಯಿಂದ ಮಾರ್ಚ್‌ವರೆಗೆ ಹಿತ. ಜುಲೈ–ಆಗಸ್ಟ್‌ನಲ್ಲಿ ನಲ್ಲೂರು ಕಂದಸ್ವಾಮಿ ದೇವಸ್ಥಾನದ 25 ದಿನಗಳ ಉತ್ಸವ ನಡೆಯುತ್ತದೆ, ಆಗ ವಸತಿಯೂ ಬಸ್ಸಿನ ಸೀಟೂ ದುರ್ಲಭ. ಪ್ರತಿ ಹುಣ್ಣಿಮೆ ಶ್ರೀಲಂಕಾದಲ್ಲಿ ರಜೆ, ಅದನ್ನು ಪೋಯ ಎನ್ನುತ್ತಾರೆ. ಅದರ ಹಿಂದುಮುಂದಿನ ದಿನ ದೂರದ ಬಸ್ಸುಗಳು ತುಂಬಿ ತುಳುಕುತ್ತವೆ. ಇನ್ನೆರಡು ದಿನಾಂಕಗಳನ್ನು ಗುರುತು ಹಾಕಿಕೊಳ್ಳಿ. ಮೇ 18 ಯುದ್ಧದ ಕೊನೆಯಲ್ಲಿ ಸತ್ತವರನ್ನು ತಮಿಳರು ನೆನೆಯುವ ದಿನ. ನವೆಂಬರ್ 27 ಎಲ್‌ಟಿಟಿಇಯಲ್ಲಿದ್ದು ಸತ್ತ ಮಕ್ಕಳಿಗಾಗಿ ಮನೆಯವರು ದೀಪ ಹಚ್ಚುವ ದಿನ. ಆ ದಿನಗಳಲ್ಲಿ ಪೊಲೀಸರ ಕಣ್ಣು ಹೆಚ್ಚು ಚುರುಕಾಗಿರುತ್ತದೆ. ಕುತೂಹಲಕ್ಕೆಂದು ಕ್ಯಾಮೆರಾ ಹಿಡಿದು ಅಲ್ಲಿಗೆ ಹೋಗುವುದು ನಿಮಗೂ ಒಳ್ಳೆಯದಲ್ಲ, ಅವರಿಗಂತೂ ಅಲ್ಲವೇ ಅಲ್ಲ.

ಹೆಜ್ಜೆ 2: ಬಸ್ಸನ್ನು ಗುರುತಿಸುವುದು

ಎರಡು ಬಗೆಯ ಬಸ್ಸುಗಳಿವೆ. ಕೆಂಪು ಬಸ್ಸು ಸರ್ಕಾರಿ ಸಾರಿಗೆ ಮಂಡಳಿಯದು. ಸಿಂಹಳದಲ್ಲಿ ಲಂಗಮ, ತಮಿಳಿನಲ್ಲಿ ಇ.ಪೋ.ಸ. ಎನ್ನುತ್ತಾರೆ. ಉಳಿದವು ಖಾಸಗಿ. ಕೆಂಪು ಬಸ್ಸು ನಿಧಾನ, ಸೀಟು ಗಟ್ಟಿ, ಆದರೆ ಟಿಕೆಟ್ ಕೊಡುತ್ತಾರೆ ಮತ್ತು ಶಾಲೆಯ ಮಕ್ಕಳನ್ನು ಬಿಟ್ಟು ಹೋಗುವುದಿಲ್ಲ. ಖಾಸಗಿಯವರು ಮುಂದಿನ ಬಸ್ಸನ್ನು ಹಿಂದಿಕ್ಕುವ ಹುಮ್ಮಸ್ಸಿನಲ್ಲಿ ಓಡಿಸುತ್ತಾರೆ. ಎ9 ಈಗ ನುಣುಪಾದ ರಸ್ತೆ. ಆ ನುಣುಪೇ ಅಪಾಯ. ರಾತ್ರಿ ಅಡ್ಡ ಬರುವ ದನ, ಕೆಲವು ಕಡೆ ಆನೆ, ಕಣ್ಣು ಕೂಡುವ ಚಾಲಕ. ಈ ನಾಡಿನಲ್ಲಿ ಇಂದು ಪ್ರಯಾಣಿಕನ ಜೀವಕ್ಕೆ ನಿಜವಾದ ಬೆದರಿಕೆ ಅದೇ. ಹಗಲು ಬಸ್ಸಿನ ಪರವಾಗಿ ಇದೂ ಒಂದು ವಾದ.

ಕೊಲಂಬೊದಲ್ಲಿ ಪೆಟ್ಟಾ ಎಂಬ ಬಡಾವಣೆಯಲ್ಲಿಯೇ ಸರ್ಕಾರಿ ಮತ್ತು ಖಾಸಗಿ ನಿಲ್ದಾಣಗಳಿವೆ. ಜಾಫ್ನಾಕ್ಕೆ ಹೋಗುವ ಬಸ್ಸಿನ ಸಂಖ್ಯೆ 87. ಬಸ್ಸಿನ ಹಣೆಯ ಮೇಲೆ ಸಿಂಹಳ, ತಮಿಳು, ಇಂಗ್ಲಿಷ್ ಮೂರರಲ್ಲೂ ಊರಿನ ಹೆಸರಿರುತ್ತದೆ. ಜಾಫ್ನಾ ತಮಿಳಿನಲ್ಲಿ ಯಾಳ್ಪಾಣಂ, ಸಿಂಹಳದಲ್ಲಿ ಯಾಪನಯ. ಕೂಗುವವನ ಬಾಯಲ್ಲಿ ಈ ಮೂರರಲ್ಲಿ ಯಾವುದು ಬರುತ್ತದೋ ಹೇಳಲಾಗದು, ಮೂರೂ ಗೊತ್ತಿರಲಿ. ಮೊದಲ ದಿನ ಜಾಫ್ನಾದ ತನಕ ಹೋಗಬೇಡಿ. ಬೆಳಗ್ಗೆ ಬೇಗ ಹೊರಟು ವವುನಿಯಾದಲ್ಲಿ ಇಳಿದು ಉಳಿಯಿರಿ. ಅನುರಾಧಪುರವನ್ನು ನೋಡಿಕೊಂಡು ಬರುವವರಿಗೆ ವವುನಿಯಾ ಇನ್ನೂ ಹತ್ತಿರ. ರೈಲೂ ಇದೆ: 1990ರಲ್ಲಿ ನಿಂತ ಯಾಳ್ ದೇವಿ, ಭಾರತದ ಇರ್ಕಾನ್ ಕಂಪನಿ ಹಳಿಗಳನ್ನು ಹೊಸದಾಗಿ ಹಾಕಿದ ಮೇಲೆ 2014ರ ಅಕ್ಟೋಬರ್‌ನಲ್ಲಿ ಜಾಫ್ನಾಕ್ಕೆ ಮರಳಿತು. ಒಳ್ಳೆಯ ರೈಲು. ಆದರೆ ಬೇಕೆಂದ ಕಡೆ ಇಳಿಯಲು ಬರುವುದಿಲ್ಲ.

ವವುನಿಯಾದಲ್ಲಿ ಹಳೆಯ ನಿಲ್ದಾಣ, ಹೊಸ ನಿಲ್ದಾಣ ಎರಡಿವೆ. ನಿಮ್ಮ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಹಿಂದಿನ ಸಂಜೆಯೇ ಉಳಿದುಕೊಂಡ ಕಡೆ ಕೇಳಿಕೊಳ್ಳಿ.

ಹೆಜ್ಜೆ 3: ಹತ್ತುವುದು, ಕೂರುವುದು, ಇಳಿಯುವುದು

ಸಾಮಾನ್ಯ ಬಸ್ಸಿನಲ್ಲಿ ದೊಡ್ಡ ಚೀಲಕ್ಕೆ ಜಾಗವಿಲ್ಲ. ಚಾಲಕನ ಪಕ್ಕದಲ್ಲಿ ಇಂಜಿನ್ ಹೊದಿಕೆಯ ಮೇಲೋ ಹಿಂಬದಿಯ ಸೀಟಿನ ಬಳಿಯೋ ಇಡಲು ಹೇಳುತ್ತಾರೆ. ಮೊಣಕಾಲಿನ ಮೇಲೆ ಇಟ್ಟುಕೊಳ್ಳಬಹುದಾದಷ್ಟು ಸಾಮಾನು ತಂದವರು ಬುದ್ಧಿವಂತರು. ಮುಂದಿನ ಸೀಟುಗಳು ಧರ್ಮಗುರುಗಳಿಗೆ ಮೀಸಲು. ಬೌದ್ಧ ಭಿಕ್ಷು ಹತ್ತಿದರೆ ಎದ್ದು ಬಿಡಬೇಕು. ಭಿಕ್ಷುವಿನ ಪಕ್ಕದಲ್ಲಿ ಹೆಂಗಸರು ಕೂರುವುದಿಲ್ಲ. ಗರ್ಭಿಣಿಯರಿಗೂ ಅಂಗವಿಕಲರಿಗೂ ಸೀಟುಗಳಿವೆ. ವನ್ನಿಯ ಬಸ್ಸುಗಳಲ್ಲಿ ಕೃತಕ ಕಾಲಿನವರು, ಒಂದು ಕೈ ಇಲ್ಲದವರು ಹತ್ತುವುದು ಅಪರೂಪವಲ್ಲ. ಸೀಟು ಬಿಟ್ಟುಕೊಡಿ, ನೋಟವನ್ನು ಕಿಟಕಿಯ ಕಡೆಗೆ ತಿರುಗಿಸಿ. ಮರುಕದ ಮುಖ ಮಾಡಿಕೊಂಡು ನೋಡುವುದು ಅವರಿಗೆ ಹೊಸದೇನಲ್ಲ, ಇಷ್ಟವೂ ಇಲ್ಲ.

ಕಂಡಕ್ಟರ್ ಬಸ್ಸು ಹೊರಟ ಮೇಲೆ ಬರುತ್ತಾನೆ. ದೊಡ್ಡ ನೋಟು ಚಾಚಿದರೆ ಚಿಲ್ಲರೆ ಇಳಿಯುವಾಗ ಸಿಗುತ್ತದೆ, ನೆನಪಿಸಿ ಕೇಳಬೇಕು. ನೂರರ ನೋಟುಗಳನ್ನು ಬೇರೆ ಜೇಬಿನಲ್ಲಿ ಇಟ್ಟುಕೊಳ್ಳಿ. ಭಾರತದ ಒಂದು ರೂಪಾಯಿ ಅಲ್ಲಿನ ಮೂರಕ್ಕಿಂತ ಹೆಚ್ಚು ರೂಪಾಯಿಗೆ ಸಮ, ಆದ್ದರಿಂದ ಸಂಖ್ಯೆ ದೊಡ್ಡದಾಗಿ ಕಂಡರೂ ಬಸ್ ದರ ಭಾರವಲ್ಲ. ವವುನಿಯಾದ ದಕ್ಷಿಣಕ್ಕೆ ಇಳಿಯಬೇಕಾದರೆ 'ಬಹಿನವಾ' ಎನ್ನಿ, ಉತ್ತರಕ್ಕೆ 'ಇರಕ್ಕಂ' ಎಂದು ಕೂಗಿ. ಜಾಫ್ನಾದಲ್ಲಿ ವಯಸ್ಸಿನಲ್ಲಿ ಹಿರಿಯನಾದ ಕಂಡಕ್ಟರನ್ನು 'ಅಣ್ಣೈ' ಎಂದು, ಹುಡುಗನಾದರೆ 'ತಂಬಿ' ಎಂದು ಕರೆಯುತ್ತಾರೆ. ಹಿರಿಯ ಹೆಂಗಸರಿಗೆ 'ಅಮ್ಮಾ', ನಡುವಯಸ್ಸಿನವರಿಗೆ 'ಅಕ್ಕಾ'. ನಮ್ಮ ಬಾಯಿಗೆ ಇದೇನೂ ಕಷ್ಟವಲ್ಲ. ಬೆಂಗಳೂರಿನ ಅರೆಬರೆ ತಮಿಳು ಸಾಕಾಗುತ್ತದೆ. ಜಾಫ್ನಾ ತಮಿಳಿನ ಓಟ ಹಿಡಿಯಲು ಮಾತ್ರ ಒಂದೆರಡು ದಿನ ಬೇಕು. ಸಿನಿಮಾ ತಮಿಳಿನ ಗತ್ತು ಅಲ್ಲಿ ನಡೆಯುವುದಿಲ್ಲ, ಮರ್ಯಾದೆಯ ಬಹುವಚನ ಬಳಸಿ.

ಒಂಟಿಯಾಗಿ ಹೋಗುವ ಹೆಂಗಸರಿಗೆ: ಶ್ರೀಲಂಕಾದ ತುಂಬಿದ ಬಸ್ಸುಗಳಲ್ಲಿ ಮೈಮುಟ್ಟುವ ಕಾಟ ಇದೆ, ಅಲ್ಲಿನ ಹೆಂಗಸರೇ ಅದನ್ನು ಬಹಿರಂಗವಾಗಿ ಹೇಳುತ್ತಾರೆ. ಇನ್ನೊಬ್ಬ ಹೆಂಗಸಿನ ಪಕ್ಕ ಕುಳಿತುಕೊಳ್ಳಿ, ಕಾಟ ಕೊಟ್ಟವನ ಮೇಲೆ ದನಿ ಎತ್ತಿ, ಬಸ್ಸು ನಿಮ್ಮ ಕಡೆಗೇ ನಿಲ್ಲುತ್ತದೆ. ಮಹಿಳಾ ಸಹಾಯವಾಣಿ 1938, ಪೊಲೀಸ್ 119, ಆಂಬುಲೆನ್ಸ್ 1990. ಈ ಕೊನೆಯದು ಭಾರತದ ನೆರವಿನಿಂದ 2016ರಲ್ಲಿ ಆರಂಭವಾದ ಉಚಿತ ಸೇವೆ.

ಹೆಜ್ಜೆ 4: ವವುನಿಯಾದಿಂದ ಕಿಲಿನೊಚ್ಚಿಗೆ

ಎರಡನೆಯ ದಿನ ಬೆಳಗ್ಗೆ ಬಸ್ಸಿನ ಎಡಬದಿಯ ಕಿಟಕಿ ಹಿಡಿಯಿರಿ; ಬಿಸಿಲು ಬಲಕ್ಕೆ ಇರುತ್ತದೆ. ಊರು ದಾಟಿ ಸ್ವಲ್ಪ ಹೊತ್ತಿಗೆ ಓಮಂತೈ. ಇಲ್ಲಿಂದ ಮುಂದೆ ಎಲ್‌ಟಿಟಿಇ ಆಡಳಿತವಿತ್ತು. 2002ರ ಕದನವಿರಾಮದ ನಂತರ ಎ9 ತೆರೆದಾಗ ಇಲ್ಲಿ ಒಂದು ಕಡೆ ಸರ್ಕಾರದ ತಪಾಸಣೆ, ಅದು ಮುಗಿದರೆ ಇನ್ನೊಂದು ಕಡೆಯವರ ತಪಾಸಣೆ ಮತ್ತು ತೆರಿಗೆ. 2006ರ ಆಗಸ್ಟ್‌ನಲ್ಲಿ ರಸ್ತೆ ಮತ್ತೆ ಮುಚ್ಚಿತು. ಜಾಫ್ನಾದ ಜನ ಮೂರು ವರ್ಷಗಳ ಕಾಲ ಹಡಗು, ವಿಮಾನವನ್ನೇ ನೆಚ್ಚಿಕೊಂಡು ಉಪ್ಪು-ಬೆಂಕಿಪೊಟ್ಟಣಕ್ಕೂ ಪರದಾಡಿದರು. ಇಂದು ಬಸ್ಸು ಅಲ್ಲಿ ವೇಗವನ್ನು ಕಡಿಮೆ ಸಹ ಮಾಡುವುದಿಲ್ಲ. ಪಕ್ಕದಲ್ಲಿ ಕುಳಿತ ಐವತ್ತು ದಾಟಿದವರಿಗೆ ಆ ಜಾಗ ಚೆನ್ನಾಗಿ ಗೊತ್ತು.

ಪುಳಿಯಂಕುಳಂ, ಮಾಂಕುಳಂ ದಾಟಿದರೆ ಮುರಿಕಂಡಿ. ರಸ್ತೆ ಬದಿಯ ಪುಟ್ಟ ಪಿಳ್ಳೈಯಾರ್, ಅಂದರೆ ಗಣಪತಿಯ ಗುಡಿ. ಬಸ್ಸು, ಲಾರಿ, ಸೇನೆಯ ವಾಹನ ಎನ್ನದೆ ಎಲ್ಲರೂ ಇಲ್ಲಿ ನಿಲ್ಲಿಸಿ, ಕೈಮುಗಿದು, ತೆಂಗಿನಕಾಯಿ ಒಡೆದು ಮುಂದೆ ಹೋಗುವ ವಾಡಿಕೆ. ನಿಮ್ಮ ಬಸ್ಸು ನಿಂತರೆ ಇಳಿದು ಹುರಿದ ಕಡಲೆಕಾಯಿ ಕೊಳ್ಳಿ. ಅಲ್ಲಿ ಅದಕ್ಕೆ ಕಚ್ಚಾನ್ ಎನ್ನುತ್ತಾರೆ, ಮುರಿಕಂಡಿ ಕಚ್ಚಾನ್ ಅಂದರೆ ಇಡೀ ಉತ್ತರಕ್ಕೆ ಹೆಸರುವಾಸಿ. ಮಾರುವವರಲ್ಲಿ ಹೆಂಗಸರೇ ಹೆಚ್ಚು. ಚೌಕಾಸಿ ಮಾಡುವ ಆಸೆಯನ್ನು ಇಲ್ಲಿಗೆ ತರಬೇಡಿ.

ಕಿಲಿನೊಚ್ಚಿಯಲ್ಲಿ ಇಳಿಯಲೇಬೇಕು. ಹೆಚ್ಚಿನ ಪ್ರವಾಸಿಗರು ಇಳಿಯುವುದಿಲ್ಲ, ಯಾಕೆಂದರೆ ನೋಡಲು ಒಂದು ಮುಖ್ಯ ರಸ್ತೆ, ಬ್ಯಾಂಕುಗಳು, ಬಟ್ಟೆ ಅಂಗಡಿಗಳು, ಅಷ್ಟೇ. ಎಲ್‌ಟಿಟಿಇಯ ಆಡಳಿತ ಕೇಂದ್ರವಾಗಿದ್ದ ಈ ಪಟ್ಟಣವನ್ನು 2009ರ ಜನವರಿ 2ರಂದು ಸೇನೆ ಹಿಡಿದಾಗ ಇಲ್ಲಿ ಮನುಷ್ಯರು ಉಳಿದಿರಲಿಲ್ಲ. ಈಗ ಕಾಣುವುದು ಬಹುಪಾಲು ಆಮೇಲೆ ಎದ್ದದ್ದು. ಗುಂಡು ಬಿರುಕುಬಿಡಿಸಿದ ಗೋಡೆಯಿಂದ ಕಮಲ ಅರಳುವ ವಿಜಯ ಸ್ಮಾರಕವಿದೆ. ಯುದ್ಧದಲ್ಲಿ ಉರುಳಿಬಿದ್ದ ಬೃಹತ್ ನೀರಿನ ತೊಟ್ಟಿಯನ್ನು ತೆಗೆಯದೆ ಅದನ್ನೂ ಸ್ಮಾರಕವಾಗಿಸಿದರು. ಅದೇ ರಸ್ತೆಯಲ್ಲಿರುವ ಕಂದಸ್ವಾಮಿ ದೇವಸ್ಥಾನದ ಎದುರು 2017ರ ಫೆಬ್ರವರಿ 20ರಂದು ತಾಯಂದಿರು ಕಾಣೆಯಾದ ಮಕ್ಕಳ ಫೋಟೊ ಹಿಡಿದು ಧರಣಿ ಕುಳಿತರು. ಸೇನೆಗೆ ಶರಣಾದ ನಮ್ಮ ಮಕ್ಕಳು ಎಲ್ಲಿ ಎಂಬುದು ಅವರ ಪ್ರಶ್ನೆ. ಕೂತವರಲ್ಲಿ ಎಷ್ಟೋ ಮಂದಿ ಉತ್ತರ ಸಿಗದೆಯೇ ತೀರಿಕೊಂಡಿದ್ದಾರೆ.

ಒಂದೇ ರಸ್ತೆಯ ಮೇಲೆ ಸರ್ಕಾರದ ವಿಜಯವೂ ಜನರ ದುಃಖವೂ ಎದುರುಬದುರು ನಿಂತಿರುವುದನ್ನು ನೋಡಲು ಮಾರ್ಗದರ್ಶಕ ಬೇಕಿಲ್ಲ. ಆದರೆ ಗಮನಿಸಿ: ಸ್ಮಾರಕಗಳೆಲ್ಲ ಗೆದ್ದವರು ಕಟ್ಟಿದವು. ಎಲ್‌ಟಿಟಿಇಯವರ ಸಮಾಧಿಸ್ಥಳಗಳನ್ನು ಯುದ್ಧದ ನಂತರ ಸೇನೆ ಬುಲ್ಡೋಜರ್ ಹಾಯಿಸಿ ನೆಲಸಮ ಮಾಡಿತು. ಕಿಲಿನೊಚ್ಚಿಯ ಕನಕಪುರಂ ಅಂತಹ ಒಂದು ಜಾಗ. ಫಲಕ ಓದಿ ಇತಿಹಾಸ ತಿಳಿದೆವು ಎಂದುಕೊಂಡರೆ ಅರ್ಧ ಮಾತ್ರ ತಿಳಿದ ಹಾಗೆ. ಇನ್ನೊಂದು ಅರ್ಧದಲ್ಲಿ ಎಲ್‌ಟಿಟಿಇ ಮಾಡಿದ್ದೂ ಇದೆ: ಮಕ್ಕಳನ್ನು ಬಲವಂತವಾಗಿ ತನ್ನ ಪಡೆಗೆ ಸೇರಿಸಿದ್ದು, 1990ರ ಅಕ್ಟೋಬರ್‌ನಲ್ಲಿ ಉತ್ತರದ 70,000ಕ್ಕೂ ಹೆಚ್ಚು ಮುಸ್ಲಿಮರನ್ನು ಊರು ಬಿಡಿಸಿದ್ದು. ಅವರಲ್ಲಿ ಬಹಳ ಮಂದಿ ಇಂದಿಗೂ ಪುತ್ತಲಂ ಸುತ್ತಮುತ್ತ ಇದ್ದಾರೆ. ಕೊಲಂಬೊ–ಪುತ್ತಲಂ ದಾರಿಯ ಬಸ್ಸು ಹಿಡಿದಿದ್ದರೆ ಅವರ ಊರುಗಳ ನಡುವೆಯೇ ಬಂದಿರುತ್ತೀರಿ.

ಊಟಕ್ಕೆ ಅಮ್ಮಾಚಿ ಉಣವಗಂ ಹುಡುಕಿ. ಕೃಷಿ ಇಲಾಖೆ ನಡೆಸುವ ಈ ತಿಂಡಿ ಮನೆಗಳಲ್ಲಿ ಹೆಂಗಸರು ನಿಮ್ಮ ಕಣ್ಣೆದುರೇ ದೋಸೆ, ಪಿಟ್ಟು, ವಡೆ, ರಾಗಿಯ ತಿನಿಸು ಮಾಡಿಕೊಡುತ್ತಾರೆ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರೂ ಇಲ್ಲಿ ದುಡಿದು ಮನೆ ನಡೆಸುತ್ತಾರೆ. ಶುಚಿ, ಅಗ್ಗ, ಸಸ್ಯಾಹಾರಿಗಳಿಗೆ ನಿಶ್ಚಿಂತೆ. ಉತ್ತರದಲ್ಲಿ ಸೇನೆಯೂ ವ್ಯಾಪಾರದಲ್ಲಿದೆ. ಕಾಂಕೇಸಂತುರೈಯ ಕಡಲತೀರದ ಒಂದು ವಿಹಾರಧಾಮ ಸೇನೆಯದೇ. ಅಲ್ಲಿ ಕೋಣೆ ಅಗ್ಗ, ನೋಟ ಚೆಂದ. ಆ ಕಡಲಂಚಿನ ಜಮೀನು ಕಳೆದುಕೊಂಡು ದಶಕಗಳಿಂದ ಹಿಂತಿರುಗಿಸಿ ಎಂದು ಕೇಳುತ್ತಿರುವ ಕುಟುಂಬಗಳಿವೆ ಎಂಬುದು ತಿಳಿದ ಮೇಲೆ ನಾನು ಊರಿನವರ ಮನೆಗಳಲ್ಲೇ ಉಳಿಯುವುದನ್ನು ಇಷ್ಟಪಡುತ್ತೇನೆ.

ಹೆಜ್ಜೆ 5: ಮುಲ್ಲೈತೀವಿಗೆ ಒಂದು ಕವಲು

ಇದು ಎಲ್ಲರಿಗೂ ಅಲ್ಲ. ಸಮಯವೂ ಮನಸ್ಸೂ ಇದ್ದರೆ ಕಿಲಿನೊಚ್ಚಿಯ ಉತ್ತರಕ್ಕಿರುವ ಪರಂತನ್ ಕೂಡುರಸ್ತೆಯಿಂದ ಪೂರ್ವಕ್ಕೆ ಎ35 ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ಹೋಗುವ ಬಸ್ ಹಿಡಿಯಿರಿ. ಬೆಳಗ್ಗೆಯೇ ಹೋಗಿ, ಸಂಜೆಯ ಮೊದಲು ಮರಳಿ. ಹಳ್ಳಿಯ ಬಸ್ಸುಗಳು ಕತ್ತಲಾಗುವ ಹೊತ್ತಿಗೆ ನಿಂತುಹೋಗುತ್ತವೆ. ಮರಳುವ ಕೊನೆಯ ಬಸ್ ಎಷ್ಟು ಹೊತ್ತಿಗೆ ಎಂದು ಹೋಗುವಾಗಲೇ ಕಂಡಕ್ಟರನ್ನೂ ಒಬ್ಬ ಅಂಗಡಿಯವನನ್ನೂ ಕೇಳಿ. ಇಬ್ಬರ ಉತ್ತರ ಬೇರೆಯಾದರೆ ಬೇಗದ್ದನ್ನು ನಂಬಿ.

2009ರ ಆರಂಭದ ತಿಂಗಳುಗಳಲ್ಲಿ ಲಕ್ಷಾಂತರ ಜನ ಇದೇ ದಾರಿಯಲ್ಲಿ ಸೈಕಲ್, ಟ್ರ್ಯಾಕ್ಟರ್, ತಲೆಹೊರೆಯೊಂದಿಗೆ ಪೂರ್ವಕ್ಕೆ ಸರಿಯುತ್ತ ಹೋದರು. ಸರ್ಕಾರ ಘೋಷಿಸಿದ 'ಗುಂಡು ಹಾರಿಸದ ವಲಯ'ಗಳ ಮೇಲೆಯೇ ಶೆಲ್‌ಗಳು ಬಿದ್ದವು. ಹೊರಗೆ ಓಡಲು ನೋಡಿದವರ ಮೇಲೆ ಎಲ್‌ಟಿಟಿಇ ಗುಂಡು ಹಾರಿಸಿತು. ಕೊನೆಯ ಹಂತದಲ್ಲಿ ಸತ್ತ ನಾಗರಿಕರ ಸಂಖ್ಯೆ 40,000ದಷ್ಟು ಇರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಸರ್ಕಾರ ಅದನ್ನು ಒಪ್ಪಲಿಲ್ಲ. ಪುದುಕ್ಕುಡಿಯಿರುಪ್ಪು ದಾಟಿ ಮುಳ್ಳಿವಾಯ್ಕಾಲ್, ಅಲ್ಲಿಂದ ಮುಂದೆ ನಂದಿಕ್ಕಡಲ್ ಹಿನ್ನೀರಿನ ಮೇಲೆ ವಟ್ಟುವಾಗಲ್ ಸೇತುವೆ. ಬದುಕಿ ಉಳಿದವರು ಆ ಕಿರಿದಾದ ಸೇತುವೆಯನ್ನೇ ದಾಟಿ ಸೇನೆಯ ಕಡೆಗೆ ಬಂದದ್ದು. ಅಲ್ಲಿಂದ ಅವರನ್ನು ವವುನಿಯಾ ಬಳಿಯ ಮೆನಿಕ್ ಫಾರ್ಮ್ ಶಿಬಿರಕ್ಕೆ ಕರೆದೊಯ್ದರು. ಆ ಶಿಬಿರ ಮುಚ್ಚಿದ್ದು 2012ರ ಸೆಪ್ಟೆಂಬರ್‌ನಲ್ಲಿ. ಮೇ ತಿಂಗಳಲ್ಲಿ ಇಲ್ಲಿ ಜನ ಹಂಚುವುದು ಅಕ್ಕಿಯ ಗಂಜಿ; ಮುತ್ತಿಗೆಯ ದಿನಗಳಲ್ಲಿ ಸಿಗುತ್ತಿದ್ದದ್ದು ಅದೊಂದೇ. ಯಾರಾದರೂ ಕೊಟ್ಟರೆ ನಿಂತು ಕುಡಿಯಿರಿ, ಫೋಟೊ ತೆಗೆಯಬೇಡಿ.

ಮುಲ್ಲೈತೀವು ಊರು ಈಗ ಮೀನಿನ ಊರು. 2004ರ ಸುನಾಮಿ, ಅದಾದ ಐದು ವರ್ಷಕ್ಕೆ ಯುದ್ಧದ ಕೊನೆ, ಎರಡನ್ನೂ ಉಂಡ ಊರು. ನೀವು ಭಾರತದವರು ಎಂದು ಗೊತ್ತಾದರೆ ಮೀನುಗಾರರು ಮೊದಲು ಎತ್ತುವುದು ಯುದ್ಧದ ಮಾತನ್ನಲ್ಲ, ಗಡಿ ದಾಟಿ ಬಂದು ಕಡಲ ತಳವನ್ನೇ ಗುಡಿಸಿಕೊಂಡು ಹೋಗುವ ತಮಿಳುನಾಡಿನ ಟ್ರಾಲರ್‌ಗಳ ಮಾತನ್ನು. ವಾದಿಸಬೇಡಿ. ಅವರ ಬಲೆ ಹರಿದಿರುವುದು ನಿಜ.

ಹೆಜ್ಜೆ 6: ಕಾಲಿಡುವ ಮೊದಲು

ನೆಲಬಾಂಬಿನ ವಿಷಯ. ಎಲ್ಲ ಹೆಜ್ಜೆಗಳಲ್ಲಿ ತಮಾಷೆಗೆ ಜಾಗವೇ ಇಲ್ಲದ್ದು ಇದು. ಶ್ರೀಲಂಕಾ ನೆಲಬಾಂಬು ನಿಷೇಧ ಒಪ್ಪಂದಕ್ಕೆ 2017ರಲ್ಲಿ ಸೇರಿತು. ಸೇನೆಯ ಜತೆ ಹ್ಯಾಲೊ ಟ್ರಸ್ಟ್, ಮ್ಯಾಗ್ ಮುಂತಾದ ಸಂಸ್ಥೆಗಳು ಅಂಗೈಯಗಲದ ನೆಲವನ್ನು ಒಂದೊಂದಾಗಿ ಕೆದಕಿ ಬಹುಭಾಗವನ್ನು ಶುದ್ಧಮಾಡಿವೆ. ಆ ಕೆಲಸಗಾರರಲ್ಲಿ ಊರಿನ ಹೆಂಗಸರು ಬಹಳ. ಕೆಲಸ ಇನ್ನೂ ಮುಗಿದಿಲ್ಲ. ಜಾಫ್ನಾ ದಾರಿಯ ಆನೈಯಿರವು ದಾಟಿ ಪಳೈ ಕಡೆ ಬರುವ ಮುಹಮಾಲೈ, ವರ್ಷಗಟ್ಟಲೆ ಎರಡೂ ಸೇನೆಗಳು ಎದುರುಬದುರು ನಿಂತ ಸಾಲು. ಅಲ್ಲಿ ಎ9 ರಸ್ತೆಯ ಅಂಚಿನವರೆಗೂ ಬಾಂಬು ಹುಗಿದಿದ್ದರು. ಶೆಲ್ ಬಿದ್ದು ತಲೆ ಕಳೆದುಕೊಂಡ ತಾಳೆಮರಗಳ ಬೋಳು ಕಾಂಡಗಳನ್ನು ಬಸ್ಸಿನಿಂದಲೇ ನೋಡಬಹುದು.

ರಸ್ತೆಯ ಡಾಂಬರು, ಜನ ನಡೆದು ಸವೆದ ಕಾಲುದಾರಿ, ಉಳುಮೆ ಮಾಡಿದ ಹೊಲದ ಬದು, ಇಷ್ಟರ ಮೇಲೆ ಮಾತ್ರ ಕಾಲಿಡಿ. ಕೆಂಪು ಹಲಗೆಯ ಮೇಲೆ ತಲೆಬುರುಡೆಯ ಚಿತ್ರ ಅಥವಾ ತಮಿಳಿನಲ್ಲಿ 'ಮಿದಿವೆಡಿ' ಎಂದು ಕಂಡರೆ ಬಂದ ದಾರಿಯಲ್ಲೇ ಹಿಂದಿರುಗಿ. ಹಲಗೆ ಇಲ್ಲ ಎಂದರೆ ಬಾಂಬು ಇಲ್ಲ ಎಂದಲ್ಲ. ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಾಗ ಬಹಿರ್ದೆಸೆಗೆಂದು ಪೊದೆಗೆ ನುಗ್ಗುವ ನಮ್ಮ ಅಭ್ಯಾಸವನ್ನು ವನ್ನಿಯಲ್ಲಿ ಬಿಡಲೇಬೇಕು. ಗೋಡೆ ಮಾತ್ರ ಉಳಿದ ಪಾಳು ಮನೆಯ ಒಳಹೊಕ್ಕು ಚಿತ್ರ ತೆಗೆಯುವುದೂ ಬೇಡ. ಅಲ್ಲಿ ಬಾಂಬು ಇರಬಹುದು. ಇಲ್ಲದಿದ್ದರೂ ಅದು ಯಾರದೋ ಮನೆ, ಅವರು ಬದುಕಿರಬಹುದು. ಕಬ್ಬಿಣದ ತುಣುಕನ್ನು ನೆನಪಿಗೆಂದು ಎತ್ತಿಕೊಳ್ಳಬೇಡಿ. ಅನುಮಾನದ ವಸ್ತು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ.

ಸೇನಾ ಶಿಬಿರ, ಕಾವಲು ಗೋಪುರ, ಸಮವಸ್ತ್ರದವರು, ಇವುಗಳ ಫೋಟೊ ತೆಗೆಯಬಾರದು. ಅನುಮತಿ ಇಲ್ಲದೆ ಡ್ರೋನ್ ಹಾರಿಸಬಾರದು. ಎಲ್‌ಟಿಟಿಇ ನಿಷೇಧಿತ ಸಂಘಟನೆ. ಹುಲಿಯ ಲಾಂಛನ, ಅದರ ನಾಯಕನ ಚಿತ್ರ ಮೊಬೈಲಿನಲ್ಲಿದ್ದರೂ ತೊಂದರೆ. 1979ರ ಭಯೋತ್ಪಾದನೆ ತಡೆ ಕಾಯ್ದೆಯಡಿ ಫೇಸ್‌ಬುಕ್ ಬರಹಕ್ಕೂ ಅಲ್ಲಿನ ಯುವಕರನ್ನು ಬಂಧಿಸಿದ್ದಾರೆ. ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುವುದು ಇಡೀ ದೇಶದಲ್ಲಿ ಅಪಚಾರ.

ಹೆಜ್ಜೆ 7: ಮಾತು

ಬಸ್ಸಿನಲ್ಲಿ ಪಕ್ಕದವರು ಮಾತಿಗೆಳೆಯುತ್ತಾರೆ. ಎಲ್ಲಿಂದ, ಮದುವೆಯಾಗಿದೆಯೇ, ಮಕ್ಕಳೆಷ್ಟು, ಇವೆಲ್ಲ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಕೇಳುವ ಹಾಗೆಯೇ. ತಿರುಗಿ ನೀವು ಕೇಳುವಾಗ ಮಾತ್ರ ಎಚ್ಚರ. 'ಮಕ್ಕಳೆಷ್ಟು' ಎಂಬ ಸಾದಾ ಪ್ರಶ್ನೆಗೆ ವನ್ನಿಯ ಒಬ್ಬ ತಾಯಿಯ ಬಳಿ ಸಾದಾ ಉತ್ತರ ಇಲ್ಲದಿರಬಹುದು. ಕಾಣೆಯಾದ ಮಗನನ್ನು ಲೆಕ್ಕಕ್ಕೆ ಸೇರಿಸಬೇಕೇ ಬೇಡವೇ? ನಾನು ಮಳೆ, ಭತ್ತ, ಈರುಳ್ಳಿ ಬೆಲೆ, ಈ ಬಸ್ಸು ಎಷ್ಟು ಹೊತ್ತಿಗೆ ತಲಪುತ್ತದೆ, ಇಂತಹವುಗಳಿಂದ ಶುರುಮಾಡುತ್ತೇನೆ. ಹೇಳಬೇಕೆನಿಸಿದವರು ತಾವಾಗಿಯೇ ಹೇಳುತ್ತಾರೆ. ಹೇಳಿದಾಗ 'ಹೋಗಲಿ ಬಿಡಿ, ಈಗ ಶಾಂತಿ ಇದೆಯಲ್ಲ' ಎಂಬ ಸಮಾಧಾನ ಬೇಡ. 'ನೀವು ಯಾರ ಕಡೆ ಇದ್ದಿರಿ' ಎಂದು ಯಾರನ್ನೂ, ಯಾವತ್ತೂ ಕೇಳಬೇಡಿ. ತುಂಬಿದ ಬಸ್ಸಿನಲ್ಲಿ ಯಾರು ಯಾರ ಕಿವಿಯೋ ನಿಮಗೆ ಗೊತ್ತಿಲ್ಲ. ವಿದೇಶಿಯೊಡನೆ ಮಾತಾಡಿದವನ ಮನೆಗೆ ಮರುದಿನ ಗುಪ್ತಚರರು ಬಂದು ಹೋದ ದೂರುಗಳು ಆ ಭಾಗದಲ್ಲಿ ಹಲವು. ನೀವು ವಿಮಾನ ಹತ್ತಿ ಹೋಗುತ್ತೀರಿ, ಅವರು ಅಲ್ಲೇ ಇರಬೇಕು. ಧ್ವನಿಮುದ್ರಣ, ವಿಡಿಯೊ, ಹೆಸರು ಸಹಿತ ಜಾಲತಾಣದಲ್ಲಿ ಹಾಕುವುದು, ಯಾವುದೂ ಬೇಡ.

ಭಾರತೀಯರಾಗಿ ನಮಗೆ ಇನ್ನೊಂದು ಪಾಠ ಉಂಟು. 1987ರ ಜುಲೈ ಒಪ್ಪಂದದ ಬಳಿಕ ಭಾರತದ ಶಾಂತಿಪಾಲನಾ ಪಡೆ ಇಲ್ಲಿಗೆ ಬಂತು, 1990ರ ಮಾರ್ಚ್‌ನಲ್ಲಿ ಹೊರಟಿತು. ನಮ್ಮ ಸುಮಾರು 1,200 ಸೈನಿಕರು ಸತ್ತರು. ಜಾಫ್ನಾದ ಮುಖ್ಯ ಬಸ್ ನಿಲ್ದಾಣದಲ್ಲಿ ಇಳಿದರೆ ಹತ್ತಿರದಲ್ಲೇ ಕಾಣುವುದು ಬೋಧನಾ ಆಸ್ಪತ್ರೆ. 1987ರ ಅಕ್ಟೋಬರ್ 21ರಂದು, ದೀಪಾವಳಿಯ ದಿನ, ಭಾರತೀಯ ಸೈನಿಕರು ಅದರೊಳಗೆ ನುಗ್ಗಿ ಹಾರಿಸಿದ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಸತ್ತರು. ನಮ್ಮ ಶಾಲೆಯ ಪಾಠದಲ್ಲಿ ಇಲ್ಲದ ಈ ಸಂಗತಿ ಅಲ್ಲಿನ ಹಿರಿಯರಿಗೆ ಅಂಗೈ ರೇಖೆಯಷ್ಟು ಗೊತ್ತು. ಅದೇ ಭಾರತ ಯುದ್ಧದ ನಂತರ ಉತ್ತರ, ಪೂರ್ವಗಳಲ್ಲಿ 46,000 ಮನೆಗಳನ್ನು ಕಟ್ಟಲು ಹಣ ಕೊಟ್ಟಿತು ಎಂಬುದೂ ಅವರಿಗೆ ಗೊತ್ತು. ಎರಡನ್ನೂ ಹೇಳುತ್ತಾರೆ. ಎರಡನ್ನೂ ಕೇಳಿಸಿಕೊಳ್ಳಿ.

ಹೆಜ್ಜೆ 8: ಆನೈಯಿರವಿನಿಂದ ಜಾಫ್ನಾ, ಅಲ್ಲಿಂದ ದ್ವೀಪಗಳಿಗೆ

ಕಿಲಿನೊಚ್ಚಿಯಿಂದ ಜಾಫ್ನಾ ಸುಮಾರು 65 ಕಿಲೋಮೀಟರ್. ದಾರಿಯಲ್ಲಿ ಆನೈಯಿರವು, ಇಂಗ್ಲಿಷಿನವರ ಎಲಿಫೆಂಟ್ ಪಾಸ್: ಎರಡೂ ಬದಿ ನೀರು, ಉಪ್ಪಿನ ಗದ್ದೆ, ನಡುವೆ ರಸ್ತೆ ಮತ್ತು ರೈಲುಹಳಿ. ಪರ್ಯಾಯ ದ್ವೀಪಕ್ಕೆ ಇದೇ ಕತ್ತು, ಆದ್ದರಿಂದ ಇದಕ್ಕಾಗಿಯೇ ಹೆಚ್ಚು ರಕ್ತ ಹರಿಯಿತು. 1991ರಲ್ಲಿ ಎಲ್‌ಟಿಟಿಇ ಕಬ್ಬಿಣದ ಕವಚ ತೊಡಿಸಿ ನುಗ್ಗಿಸಿದ ಬುಲ್ಡೋಜರ್ ಈಗಲೂ ರಸ್ತೆ ಬದಿಯಲ್ಲಿ ನಿಂತಿದೆ. 2000ದ ಏಪ್ರಿಲ್‌ನಲ್ಲಿ ಇಲ್ಲಿನ ಸೇನಾನೆಲೆ ಎಲ್‌ಟಿಟಿಇ ಪಾಲಾಯಿತು, 2009ರ ಜನವರಿಯಲ್ಲಿ ಮರಳಿ ಸೇನೆಗೆ. ಇಳಿದು ನೋಡಿ ಮುಂದಿನ ಬಸ್ಸಿಗೆ ಕೈ ಅಡ್ಡ ಹಿಡಿಯಬಹುದು, ಆದರೆ ನೆರಳೇ ಇಲ್ಲ. ನೀರು, ಟೋಪಿ ಇಟ್ಟುಕೊಳ್ಳಿ.

ಜಾಫ್ನಾ ನಗರದ ಬಾಗಿಲಲ್ಲೇ ಚೆಮ್ಮಣಿ. ಅಲ್ಲಿನ ಸ್ಮಶಾನದ ಬಳಿ 2025ರಲ್ಲಿ ನ್ಯಾಯಾಲಯದ ಮೇಲ್ವಿಚಾರಣೆಯಲ್ಲಿ ನಡೆದ ಅಗೆತದಲ್ಲಿ ಮಕ್ಕಳದ್ದೂ ಸೇರಿ 200ಕ್ಕೂ ಹೆಚ್ಚು ಅಸ್ಥಿಪಂಜರಗಳು ಸಿಕ್ಕಿವೆ. ಯುದ್ಧ ಮುಗಿದು ಇಷ್ಟು ವರ್ಷವಾಯಿತಲ್ಲ ಎನ್ನುವವರಿಗೆ ಈ ತಿರುವಿನಲ್ಲಿ ಉತ್ತರವಿದೆ.

ನಗರದಲ್ಲಿ ಎರಡು ಮೂರು ದಿನ ಇರಿ. 1981ರಲ್ಲಿ ಸುಟ್ಟುಹೋದಾಗ 97,000ದಷ್ಟು ಪುಸ್ತಕ, ತಾಳೆಗರಿಗಳನ್ನು ಕಳೆದುಕೊಂಡ ಸಾರ್ವಜನಿಕ ಗ್ರಂಥಾಲಯ ಈಗ ಬಿಳಿಯ ಚೆಲುವಿನಲ್ಲಿ ನಿಂತಿದೆ. ಪ್ರವಾಸಿಗರಿಗೆ ನಿಗದಿಯಾದ ಹೊತ್ತಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಓದುವ ಹುಡುಗರಿಗೆ ತೊಂದರೆ ಕೊಡದೆ ಬನ್ನಿ. ನಲ್ಲೂರಿನಲ್ಲಿ ಗಂಡಸರು ಅಂಗಿ ತೆಗೆದೇ ಒಳಹೋಗಬೇಕು. ಸಸ್ಯಾಹಾರಿಗಳು ಶೈವ ಕಡೈ ಎಂಬ ಫಲಕ ನೋಡಿಕೊಂಡರಾಯಿತು.

ದ್ವೀಪಗಳಿಗೆ ಹೋಗುವ ದೋಣಿಗಳು ಕುರಿಕಟ್ಟುವಾನ್ ಕಟ್ಟೆಯಿಂದ ಹೊರಡುತ್ತವೆ. ನಗರದ ನಿಲ್ದಾಣದಿಂದ 776 ಸಂಖ್ಯೆಯ ಬಸ್ಸು ಸಮುದ್ರ ಸೀಳಿದ ಕಟ್ಟೆರಸ್ತೆಗಳ ಮೇಲೆ ಅಲ್ಲಿಗೆ ಒಯ್ಯುತ್ತದೆ. ಇಡೀ ಪ್ರವಾಸದಲ್ಲಿ ಇಷ್ಟು ಸುಂದರವಾದ ಬಸ್ ದಾರಿ ಇನ್ನೊಂದಿಲ್ಲ. ನೈನಾತೀವಿನಲ್ಲಿ ನಾಗಪೂಷಣಿ ಅಮ್ಮನ ದೇವಸ್ಥಾನವೂ ನಾಗದೀಪ ವಿಹಾರವೂ ಅಕ್ಕಪಕ್ಕದಲ್ಲಿವೆ, ದೋಣಿಯಲ್ಲಿ ತಮಿಳು ಭಕ್ತರೂ ದಕ್ಷಿಣದ ಸಿಂಹಳ ಯಾತ್ರಿಕರೂ ಒತ್ತಿಕೊಂಡು ಕೂರುತ್ತಾರೆ. ನೆಡುಂತೀವು ಇನ್ನೂ ದೂರ, ಸುಮಾರು ಒಂದು ಗಂಟೆಯ ಸಮುದ್ರಯಾನ. ಕಾಡುಕುದುರೆಗಳು, ಹವಳದ ಕಲ್ಲಿನ ಬೇಲಿಗಳು. ಮರಳುವ ದೋಣಿ ತಪ್ಪಿದರೆ ರಾತ್ರಿ ಅಲ್ಲೇ, ಆದ್ದರಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಡಿ.

ಹೆಜ್ಜೆ 9: ಮರಳುವ ದಾರಿ

ಬಂದ ದಾರಿಯಲ್ಲೇ ಮರಳುವ ಅಗತ್ಯವಿಲ್ಲ. ಜಾಫ್ನಾದಿಂದ ಮನ್ನಾರಿಗೆ ಎ32 ರಸ್ತೆಯ ಬಸ್ಸು ಹಿಡಿಯಿರಿ. 2011ರಲ್ಲಿ ತೆರೆದ ಸಂಗುಪಿಟ್ಟಿ ಸೇತುವೆಯಿಂದಾಗಿ ಪೂನಕರಿಯ ಮೂಲಕ ಪಶ್ಚಿಮ ಕರಾವಳಿಯ ಈ ದಾರಿ ಚುರುಕಾಗಿದೆ. ಎ9ರಷ್ಟು ಬಸ್ಸುಗಳಿಲ್ಲ, ಅಂಗಡಿಗಳೂ ಕಡಿಮೆ. ತಿಂಡಿ ಕಟ್ಟಿಸಿಕೊಂಡು ಹೊರಡಿ. ಮನ್ನಾರಿನಲ್ಲಿ ಬೀದಿ ಕತ್ತೆಗಳು, ಅರಬರು ತಂದು ನೆಟ್ಟರೆನ್ನುವ ಭಾರಿ ಬಾವೊಬಾಬ್ ಮರ, ಊರಿನ ಹೊರಗೆ ತಿರುಕ್ಕೇತೀಶ್ವರದ ಶಿವಾಲಯ. ಅಲ್ಲಿಂದ ಮೆದವಾಚ್ಚಿಯ ಕಡೆಗಿನ ಬಸ್ಸಿನಲ್ಲಿ ಮಡು ರಸ್ತೆ ಕೂಡುದಾರಿಯಲ್ಲಿ ಇಳಿದರೆ ಮಡು ಮಾತೆಯ ಇಗರ್ಜಿಗೆ ಆಟೊ ಸಿಗುತ್ತದೆ. ಯುದ್ಧಕಾಲದಲ್ಲಿ ಸಾವಿರಾರು ನಿರಾಶ್ರಿತರಿಗೆ ನೆರಳಾದ ಜಾಗವದು. ಆಗಸ್ಟ್ 15ರ ಹಬ್ಬದ ವಾರದಲ್ಲಿ ಆ ದಾರಿಯ ಬಸ್ಸುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಆಗ ಮನ್ನಾರಿನಿಂದ ಕೊಲಂಬೊಗೆ ನೇರ ಬಸ್ಸಿನ ಸೀಟನ್ನು ಎರಡು ದಿನ ಮೊದಲೇ ಕಾಯ್ದಿರಿಸಿ, ಮತ್ತು ಅದೂ ಹಗಲು ಬಸ್ಸೇ ಆಗಿರಲಿ.